ಟರ್ಮಿನಲ್‌ನಲ್ಲಿ ಪ್ರೊಸೆಸರ್ ವಿವರ ನೋಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಲಿನಕ್ಸ್ ಇರಲಿ, ಮ್ಯಾಕ್ ಇರಲಿ, ಫ್ರೀಬಿಎಸ್‌ಡಿ ಇರಲಿ, ಒಳಗೆ ಯಾವ ಪ್ರೊಸೆಸರ್ ಕೂತಿದೆ ಎಂದು ತಿಳಿಯಲು ಮುಚ್ಚಳ ಬಿಚ್ಚಬೇಕಿಲ್ಲ. ಟರ್ಮಿನಲ್ ಸಾಕು. ತೊಂದರೆ ಬೇರೆ ಕಡೆ ಇದೆ. ಒಂದೇ ಯಂತ್ರದಲ್ಲಿ ಮೂರು ಕಮಾಂಡ್ ಓಡಿಸಿದರೆ ಮೂರು ಬೇರೆ ಬೇರೆ ಸಂಖ್ಯೆ ಬರುವುದುಂಟು. ಮೂರೂ ಸುಳ್ಳಲ್ಲ. ಒಂದು ಪ್ರೊಸೆಸರನ್ನೇ ಕೇಳಿ ಬಂದಿರುತ್ತದೆ, ಇನ್ನೊಂದು ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಹೇಳಿದ್ದನ್ನು ಹೇಳುತ್ತದೆ, ಮತ್ತೊಂದು ಬಯಾಸ್ (ಯಂತ್ರ ಆನ್ ಆದೊಡನೆ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್) ಬರೆದಿಟ್ಟಿದ್ದನ್ನು ಓದುತ್ತದೆ. ಯಾರನ್ನು ಕೇಳಿದೆವು ಎಂಬುದು ಗೊತ್ತಿದ್ದರೆ ಉತ್ತರ ಅರ್ಥವಾಗುತ್ತದೆ. ಈ ಪುಟದ ಉದ್ದಕ್ಕೂ ಅದನ್ನೇ ನೆನಪಿಸುತ್ತಾ ಹೋಗುತ್ತೇನೆ.

ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೀರಿ. ಟೈಪ್ ಮಾಡುವುದು ಹೇಗೆ?

ಫೋನಿನಲ್ಲಿ ಗೆಳೆಯರಿಗೆ ಓದಿ ಹೇಳುವ ಹಾಗೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲೇ ಹೊಡೆಯಬೇಕು, ದೊಡ್ಡದು ಎಂದು ಹೇಳಿದ ಕಡೆ ಮಾತ್ರ ದೊಡ್ಡ ಅಕ್ಷರ. ಸ್ಪೆಲಿಂಗ್ ತಪ್ಪುವಂಥ ಕಡೆ ಅಕ್ಷರ ಬಿಡಿಸಿ ಹೇಳಿದ್ದೇನೆ. ಇನ್ನೊಂದು ದಾರಿ ಟ್ಯಾಬ್ ಕೀ. ಮೊದಲ ಎರಡು ಮೂರು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದು ತಾನೇ ತುಂಬಿಕೊಳ್ಳುತ್ತದೆ. ಉದ್ದನೆಯ ಫೋಲ್ಡರ್ ದಾರಿಗಳಿಗೆ ಇದು ತುಂಬ ಅನುಕೂಲ.

ಸುಮ್ನೆ ಒಂದೇ ಒಂದು ಕಮಾಂಡ್ ಹೇಳಿ.

ಲಿನಕ್ಸ್ ಆದರೆ ಎಲ್‌ಎಸ್‌ಸಿಪಿಯು. ಐದೇ ಅಕ್ಷರ: ಎಲ್, ಎಸ್, ಸಿ, ಪಿ, ಯು. ಇದು ಯುಟಿಲ್-ಲಿನಕ್ಸ್ ಪ್ಯಾಕೇಜಿನ ಜೊತೆ ಬರುತ್ತದೆ. ಆದ್ದರಿಂದ ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಮೊದಲೇ ಇರುತ್ತದೆ, ರೂಟ್ ಅನುಮತಿಯೂ ಬೇಡ. ಮ್ಯಾಕ್ ಮತ್ತು ಬಿಎಸ್‌ಡಿಗಳ ದಾರಿ ಬೇರೆ, ಕೆಳಗೆ ಹೇಳಿದ್ದೇನೆ.

ಎಲ್‌ಎಸ್‌ಸಿಪಿಯು ಅಷ್ಟುದ್ದ ಸಾಲು ಕೊಡುತ್ತದೆ. ಯಾವುದನ್ನು ನೋಡಬೇಕು?

ಮೊದಲು ಮಾಡೆಲ್ ನೇಮ್ ಸಾಲು. ಪ್ರೊಸೆಸರಿನ ಪೂರ್ತಿ ಹೆಸರು ಅಲ್ಲಿರುತ್ತದೆ. ಇದು ಚಿಪ್ ತನ್ನ ಬಗ್ಗೆ ತಾನೇ ಹೇಳಿಕೊಂಡ ಹೆಸರು.

ಆಮೇಲೆ ನಾಲ್ಕು ಸಾಲುಗಳನ್ನು ಒಟ್ಟಿಗೆ ಓದಿ: ಸಿಪಿಯು(ಗಳು), ಪ್ರತಿ ಕೋರಿಗೆ ಥ್ರೆಡ್, ಪ್ರತಿ ಸಾಕೆಟ್ಟಿಗೆ ಕೋರ್, ಸಾಕೆಟ್. ಕೊನೆಯ ಮೂರನ್ನು ಗುಣಿಸಿದರೆ ಸಾಮಾನ್ಯವಾಗಿ ಮೊದಲನೆಯದು ಬರಬೇಕು. ಥ್ರೆಡ್ 2, ಕೋರ್ 4, ಸಾಕೆಟ್ 1 ಇದ್ದರೆ ಸಿಪಿಯು 8. ಲೆಕ್ಕ ಕೂಡದಿದ್ದರೆ ಎರಡು ಕಾರಣ ಇರಬಹುದು. ಕೆಲವು ಸಿಪಿಯು ಆಫ್ ಆಗಿರಬಹುದು, ಅದು ಆನ್‌ಲೈನ್ ಪಟ್ಟಿಯ ಸಾಲಿನಲ್ಲಿ ಕಾಣುತ್ತದೆ. ಇಲ್ಲವೇ ಹೊಸ ಬಗೆಯ ಮಿಶ್ರ ಕೋರ್ ಚಿಪ್ ಇರಬಹುದು, ಅದಕ್ಕೆ ಬೇರೆ ಪ್ರಶ್ನೆಯೇ ಇದೆ.

ಕ್ಯಾಶ್ (ಚಿಪ್ಪಿನೊಳಗಿನ ಚುರುಕು ಮೆಮೊರಿ) ಸಾಲುಗಳ ಬಗ್ಗೆ ಒಂದು ಎಚ್ಚರಿಕೆ. ಯುಟಿಲ್-ಲಿನಕ್ಸ್ 2.34ಕ್ಕಿಂತ ಹಳೆಯ ಆವೃತ್ತಿ ಒಂದೊಂದು ಕೋರಿನ ಕ್ಯಾಶ್ ಎಷ್ಟು ಎಂದು ಹೇಳುತ್ತಿತ್ತು. ಈಗಿನದು ಎಲ್ಲ ಕೋರುಗಳದ್ದನ್ನು ಕೂಡಿಸಿ ಹೇಳುತ್ತದೆ. ಹಳೆಯ ಸರ್ವರ್ ಮತ್ತು ಹೊಸ ಸರ್ವರಿನ ಔಟ್‌ಪುಟ್ ಪಕ್ಕಪಕ್ಕ ಇಟ್ಟು, ಹೊಸದರಲ್ಲಿ ಎಲ್2 ಕ್ಯಾಶ್ ನಾಲ್ಕು ಪಟ್ಟು ಇದೆ ಎಂದು ಖುಷಿಪಡುವ ಮೊದಲು ಇದನ್ನು ನೋಡಿಕೊಳ್ಳಿ. ಎಲ್‌ಎಸ್‌ಸಿಪಿಯು ಜೊತೆ ಡ್ಯಾಶ್ ದೊಡ್ಡ ಸಿ ಕೊಟ್ಟರೆ ಎರಡೂ ಬಿಡಿಬಿಡಿಯಾಗಿ ಸಿಗುತ್ತವೆ.

ಸಾಕೆಟ್, ಕೋರ್, ಥ್ರೆಡ್: ಈ ಮೂರಕ್ಕೆ ವ್ಯತ್ಯಾಸ ಏನು?

ಒಂದು ದರ್ಶಿನಿ ಹೋಟೆಲ್ ನೆನಪಿಸಿಕೊಳ್ಳಿ. ಅಡುಗೆಮನೆ ಅಂದರೆ ಸಾಕೆಟ್, ಮದರ್‌ಬೋರ್ಡ್ ಮೇಲೆ ಕೂರುವ ಇಡೀ ಚಿಪ್. ಅಲ್ಲಿ ನಿಂತ ದೋಸೆ ಭಟ್ಟರು ಕೋರ್‌ಗಳು. ಒಬ್ಬೊಬ್ಬ ಭಟ್ಟರ ಮುಂದೆ ಇರುವ ಕಾವಲಿ ಥ್ರೆಡ್. ಒಬ್ಬರ ಮುಂದೆ ಎರಡು ಕಾವಲಿ ಇಟ್ಟರೆ ಒಂದರ ಮೇಲೆ ದೋಸೆ ಬೇಯುವಾಗ ಇನ್ನೊಂದರ ಮೇಲೆ ಹಿಟ್ಟು ಹುಯ್ಯಬಹುದು. ದೋಸೆ ಜಾಸ್ತಿ ಬರುತ್ತದೆ, ನಿಜ. ಆದರೆ ಇಬ್ಬರು ಭಟ್ಟರಷ್ಟು ಬರುವುದಿಲ್ಲ, ಅಲ್ವಾ? ಕೈ ಎರಡೇ ತಾನೇ.

ಒಂದು ಕೋರಿನಲ್ಲಿ ಎರಡು ಥ್ರೆಡ್ ಓಡಿಸುವುದಕ್ಕೆ ಹೈಪರ್‌ಥ್ರೆಡಿಂಗ್ ಎನ್ನುತ್ತಾರೆ, ಅದು ಕೆಲಸ ಮಾಡುವುದೂ ಹೀಗೇ. ಒಂದು ಥ್ರೆಡ್ ಮೆಮೊರಿಯಿಂದ ಡೇಟಾ ಬರಲಿ ಎಂದು ಕಾಯುವಾಗ ಅದೇ ಕೋರ್ ಇನ್ನೊಂದು ಥ್ರೆಡ್ಡಿನ ಕೆಲಸ ನೋಡಿಕೊಳ್ಳುತ್ತದೆ. ಕಾಯುವುದು ಜಾಸ್ತಿ ಇರುವ ಕೆಲಸಕ್ಕೆ ಇದರಿಂದ ಲಾಭ. ಬಿಡುವಿಲ್ಲದೆ ಲೆಕ್ಕವನ್ನೇ ಹಾಕುವ ಕೆಲಸಕ್ಕೆ ಲಾಭ ಕಡಿಮೆ.

ಲಿನಕ್ಸ್ ಸಿಪಿಯು ಎಂದು ಎಣಿಸುವುದು ಕಾವಲಿಗಳನ್ನು. ಇದೊಂದು ಮಾತು ನೆನಪಿದ್ದರೆ ಅರ್ಧ ಗೊಂದಲ ಕಳೆಯಿತು. ಹೈಪರ್‌ಥ್ರೆಡಿಂಗ್ ಈಗ ಚಾಲೂ ಇದೆಯೇ ಎಂದು ತಿಳಿಯಲು /ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ಎಸ್‌ಎಂಟಿ/ಆ್ಯಕ್ಟಿವ್ ಫೈಲನ್ನು ಕ್ಯಾಟ್ ಕಮಾಂಡಿನಿಂದ ಓದಿ. 1 ಬಂದರೆ ಇದೆ, 0 ಬಂದರೆ ಇಲ್ಲ.

ನಿಜವಾದ ಕೋರ್ ಎಷ್ಟು ಎಂದು ಸ್ಕ್ರಿಪ್ಟಿನಲ್ಲಿ ಬೇಕಾದರೆ?

ಕಣ್ಣಿಗೆ ಕಾಣುವ ಔಟ್‌ಪುಟ್ಟನ್ನು ಸ್ಕ್ರಿಪ್ಟಿನಲ್ಲಿ ಕತ್ತರಿಸಬೇಡಿ. ಅದರ ರೂಪ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ, ಯಂತ್ರದ ಭಾಷೆ ಬೇರೆ ಇದ್ದರೆ ಸಾಲಿನ ಹೆಸರೂ ಬದಲಾಗಬಹುದು. ಎಲ್‌ಎಸ್‌ಸಿಪಿಯು ಡ್ಯಾಶ್ ಪಿ ಎಂಬುದು ಇದಕ್ಕೆಂದೇ ಇದೆ. ಡ್ಯಾಶ್ ಪಿ ಆದಮೇಲೆ ಜಾಗ ಬಿಡದೆ ಸಮ ಚಿಹ್ನೆ, ಕೋರ್, ಕಾಮಾ, ಸಾಕೆಟ್ ಎಂದು ಕೊಡಿ. ಬಂದ ಸಾಲುಗಳಲ್ಲಿ ಹ್ಯಾಶ್ ಚಿಹ್ನೆಯಿಂದ ಶುರುವಾಗುವುದನ್ನು ಗ್ರೆಪ್ ಡ್ಯಾಶ್ ವಿ ಬಳಸಿ ತೆಗೆಯಿರಿ. ಸಾರ್ಟ್ ಡ್ಯಾಶ್ ಯು ಕೊಟ್ಟರೆ ಒಂದೇ ಥರದವು ಒಂದಾಗುತ್ತವೆ. ಕೊನೆಗೆ ಡಬ್ಲ್ಯೂಸಿ ಡ್ಯಾಶ್ ಎಲ್ ಎಣಿಸಿ ಕೊಡುತ್ತದೆ. ಜೇಸನ್ ರೂಪ ಬೇಕಿದ್ದರೆ ಡ್ಯಾಶ್ ದೊಡ್ಡ ಜೆ.

/ಪ್ರಾಕ್/ಸಿಪಿಯುಇನ್ಫೋ ಫೈಲಿನಲ್ಲೂ ಇದೇ ಇರುತ್ತದಲ್ಲ?

ಇರುತ್ತದೆ. ಇದು ಡಿಸ್ಕ್ ಮೇಲಿನ ಫೈಲಲ್ಲ. ನೀವು ಓದಿದ ಕ್ಷಣದಲ್ಲಿ ಕರ್ನಲ್ ಬರೆದು ಕೊಡುವ ಪಠ್ಯ. ಒಂದೊಂದು ಥ್ರೆಡ್ಡಿಗೆ ಒಂದೊಂದು ಕಂತೆ ಸಾಲು, ಎಣಿಕೆ 0ಯಿಂದ ಶುರು. ಆದ್ದರಿಂದ ಕೊನೆಯ ಕಂತೆಯಲ್ಲಿ 7 ಎಂದಿದ್ದರೆ ಒಟ್ಟು 8.

ಇಲ್ಲಿ ಜನ ಎಡವುವುದು ಎರಡು ಸಾಲಿನಲ್ಲಿ. ಸಿಪಿಯು ಕೋರ್ಸ್ ಎಂಬ ಸಾಲು ಆ ಸಾಕೆಟ್ಟಿನ ಕೋರ್‌ಗಳ ಲೆಕ್ಕ. ಸಿಬ್ಲಿಂಗ್ಸ್ ಎಂಬುದು ಆ ಸಾಕೆಟ್ಟಿನ ಥ್ರೆಡ್‌ಗಳ ಲೆಕ್ಕ. ಎರಡೂ ಒಂದೇ ಇದ್ದರೆ ಹೈಪರ್‌ಥ್ರೆಡಿಂಗ್ ಇಲ್ಲ ಎಂದರ್ಥ. ಎಚ್‌ಟಿ ಎಂಬ ಫ್ಲ್ಯಾಗ್ (ಚಿಪ್ಪಿನಲ್ಲಿ ಯಾವ ಸೌಲಭ್ಯ ಇದೆ ಎಂದು ಹೇಳುವ ಗುರುತು) ನೋಡಿ ತೀರ್ಮಾನಿಸಬೇಡಿ. ಹೈಪರ್‌ಥ್ರೆಡಿಂಗ್ ಇಲ್ಲದ ಎಷ್ಟೋ ಚಿಪ್‌ಗಳಲ್ಲೂ ಅದು ಕಾಣುತ್ತದೆ.

ಎನ್‌ಪ್ರಾಕ್ ಕಮಾಂಡ್ 1 ಎನ್ನುತ್ತದೆ, ಎಲ್‌ಎಸ್‌ಸಿಪಿಯು 8 ಎನ್ನುತ್ತದೆ. ಯಾವುದು ಸರಿ?

ಎರಡೂ ಸರಿ. ಎನ್‌ಪ್ರಾಕ್ (ಎನ್, ಪಿ, ಆರ್, ಓ, ಸಿ) ಯಂತ್ರದಲ್ಲಿ ಎಷ್ಟಿದೆ ಎಂದು ಹೇಳುವುದಿಲ್ಲ. ಈ ಪ್ರೋಗ್ರಾಮ್ ಓಡಲು ಎಷ್ಟರ ಮೇಲೆ ಅನುಮತಿ ಇದೆ ಎಂದು ಹೇಳುತ್ತದೆ. ನೀವೇ ಪರೀಕ್ಷೆ ಮಾಡಿ. ಟಾಸ್ಕ್‌ಸೆಟ್ ಡ್ಯಾಶ್ ಸಿ 0 ಎನ್‌ಪ್ರಾಕ್ ಎಂದು ಒಂದೇ ಸಾಲಿನಲ್ಲಿ ಹೊಡೆಯಿರಿ. ಎಷ್ಟೇ ದೊಡ್ಡ ಯಂತ್ರವಾದರೂ ಉತ್ತರ 1. ಅನುಮತಿ ಸಿಕ್ಕಿದ್ದು ಒಂದೇ ಸಿಪಿಯುಗೆ. ಓಪನ್‌ಎಂಪಿಯ ಥ್ರೆಡ್ ಮಿತಿ ಹೇಳುವ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗಳಿಗೂ ಎನ್‌ಪ್ರಾಕ್ ಬೆಲೆ ಕೊಡುತ್ತದೆ.

ಮಿತಿಗಳನ್ನೆಲ್ಲ ಬಿಟ್ಟು ಯಂತ್ರದ ಲೆಕ್ಕ ಬೇಕಾದರೆ ಎನ್‌ಪ್ರಾಕ್ ಜೊತೆ ಎರಡು ಡ್ಯಾಶ್ ಹಾಕಿ ಆಲ್ ಎಂದು ಕೊಡಿ. ಆದರೆ ಮೇಕ್ ಕಮಾಂಡಿಗೆ ಡ್ಯಾಶ್ ಜೆ ಕೊಟ್ಟು ಕಂಪೈಲ್ ಮಾಡುವಾಗ ಬರೀ ಎನ್‌ಪ್ರಾಕ್ ಬಳಸುವುದೇ ಒಳ್ಳೆಯದು. ಎಷ್ಟು ಸಿಕ್ಕಿದೆಯೋ ಅಷ್ಟನ್ನೇ ಬಳಸಬೇಕು. ನಾಲ್ಕು ಜನ ಹಂಚಿಕೊಂಡ ಕಾಲೇಜ್ ಸರ್ವರಿನಲ್ಲಿ ಇದು ಇನ್ನೂ ಮುಖ್ಯ.

ಕಂಟೇನರ್ ಒಳಗೆ ಎನ್‌ಪ್ರಾಕ್ ನಂಬಬಹುದೇ?

ಎಲ್ಲ ಸಲವೂ ಆಗುವುದಿಲ್ಲ. ಕಂಟೇನರ್ ಅಂದರೆ ಒಂದೇ ಯಂತ್ರದಲ್ಲಿ ಪ್ರೋಗ್ರಾಮನ್ನು ಬೇರೆಯವುಗಳಿಂದ ಪ್ರತ್ಯೇಕವಾಗಿ ಓಡಿಸುವ ಡಬ್ಬಿ. ಇದು ನನಗೆ ಅನುಭವದಿಂದ ಗೊತ್ತಾದ ವಿಷಯ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ 64 ಥ್ರೆಡ್ಡಿನ ಸರ್ವರ್ ಇತ್ತು. ಅದರ ಮೇಲೆ ನಮ್ಮ ಕಂಟೇನರಿಗೆ 2 ಸಿಪಿಯು ಮಿತಿ ಹಾಕಿದ್ದರು. ನಮ್ಮ ಪ್ರೋಗ್ರಾಮ್ ಶುರುವಾಗುವಾಗ ಸಿಪಿಯು ಎಣಿಸಿ ಅಷ್ಟು ವರ್ಕರ್‌ಗಳನ್ನು ಎಬ್ಬಿಸುತ್ತಿತ್ತು. ಅದು 64 ಎಂದು ಎಣಿಸಿತು. 64 ವರ್ಕರ್ ಎದ್ದವು, ಮೆಮೊರಿ ತುಂಬಿತು, ಕರ್ನಲ್ ಪ್ರೋಗ್ರಾಮನ್ನು ಕೊಂದಿತು. ಮತ್ತೆ ಶುರುವಾಯಿತು, ಮತ್ತೆ ಸತ್ತಿತು. ಎರಡು ದಿನ ನಾವು ಮೆಮೊರಿ ಸೋರಿಕೆ ಹುಡುಕಿದೆವು. ಸೋರಿಕೆ ಎಲ್ಲೂ ಇರಲಿಲ್ಲ.

ಕಾರಣ ಇಷ್ಟು. ಕಂಟೇನರ್ ಓಡಿಸುವ ಡಾಕರಿನಲ್ಲಿ ಸಿಪಿಯು ಮಿತಿ ಹಾಕಲು ಎರಡು ದಾರಿ ಇವೆ. ಸಿಪಿಯುಸೆಟ್ ದಾರಿಯಲ್ಲಿ ಇಂತಿಂಥ ಸಿಪಿಯು ಮಾತ್ರ ನಿನ್ನದು ಎಂದು ಗುರುತು ಮಾಡಿ ಕೊಡುತ್ತಾರೆ. ಅದು ಎನ್‌ಪ್ರಾಕ್‌ಗೆ ಕಾಣುತ್ತದೆ. ಇನ್ನೊಂದು ಕೋಟಾ ದಾರಿ, ಎರಡು ಡ್ಯಾಶ್ ಸಿಪಿಯುಸ್ ಎಂದು ಕೊಡುವುದು. ಇಲ್ಲಿ ಎಲ್ಲ ಸಿಪಿಯು ಮೇಲೂ ಓಡಬಹುದು, ಆದರೆ ಇಷ್ಟು ಹೊತ್ತು ಮಾತ್ರ. ಕಾವಲಿ ಎಲ್ಲವೂ ಕಣ್ಣಿಗೆ ಕಾಣುತ್ತವೆ, ಗ್ಯಾಸ್ ಮಾತ್ರ ಅಳೆದು ಕೊಟ್ಟಿದ್ದಾರೆ ಎಂದುಕೊಳ್ಳಿ. ಎನ್‌ಪ್ರಾಕ್ ಬಹಳ ಕಾಲ ಈ ಕೋಟಾ ನೋಡುತ್ತಿರಲಿಲ್ಲ. ಈಗ ಓಡುತ್ತಿರುವ ಸರ್ವರ್‌ಗಳಲ್ಲಿ ಇನ್ನೂ ಹಳೆಯ ಆವೃತ್ತಿಗಳೇ ಜಾಸ್ತಿ.

ನಿಜ ತಿಳಿಯಲು ಕಂಟೇನರ್ ಒಳಗೆ /ಸಿಸ್/ಎಫ್‌ಎಸ್/ಸಿಗ್ರೂಪ್/ಸಿಪಿಯು.ಮ್ಯಾಕ್ಸ್ ಫೈಲ್ ಓದಿ. ಇದು ಸಿಗ್ರೂಪ್ (ಕರ್ನಲ್ ಇಂಥ ಮಿತಿ ಹಾಕುವ ವ್ಯವಸ್ಥೆ) ಎರಡನೇ ಆವೃತ್ತಿಯ ಮಾತು. ಅಲ್ಲಿ ಎರಡು ಸಂಖ್ಯೆ ಇರುತ್ತವೆ. 200000 100000 ಎಂದಿದ್ದರೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ: 2 ಸಿಪಿಯು. ಮೊದಲ ಜಾಗದಲ್ಲಿ ಮ್ಯಾಕ್ಸ್ ಎಂಬ ಪದ ಇದ್ದರೆ ಕೋಟಾ ಇಲ್ಲ.

ಭಾಷೆಗಳೂ ಈ ವಿಷಯದಲ್ಲಿ ನಿಧಾನವಾಗಿ ದಾರಿಗೆ ಬಂದಿವೆ. ಜಾವಾ 10ನೇ ಆವೃತ್ತಿಯಿಂದ ಕಂಟೇನರ್ ಮಿತಿ ನೋಡುತ್ತದೆ. ಗೋ ಭಾಷೆ 2025ರಲ್ಲಿ ಬಂದ 1.25ರಿಂದ ನೋಡುತ್ತದೆ. ಪೈಥಾನಿನ ಓಎಸ್.ಸಿಪಿಯು_ಕೌಂಟ್ ಮಾತ್ರ ಯಂತ್ರದ ಪೂರ್ತಿ ಲೆಕ್ಕವನ್ನೇ ಕೊಡುತ್ತದೆ. ಹಾಗಾಗಿ ವರ್ಕರ್ ಸಂಖ್ಯೆಯನ್ನು ಕಾನ್ಫಿಗ್ ಫೈಲಿನಲ್ಲಿ ನೀವೇ ಬರೆದುಬಿಡಿ ಎಂಬುದು ನನ್ನ ಸಲಹೆ.

ಲೋಡ್ ಆವರೇಜ್ 8 ತೋರಿಸುತ್ತಿದೆ. ಜಾಸ್ತಿನಾ?

ಓಡುತ್ತಿರುವ ಮತ್ತು ಸಾಲಿನಲ್ಲಿ ಕಾಯುತ್ತಿರುವ ಕೆಲಸಗಳ ಸರಾಸರಿ ಲೆಕ್ಕ ಇದು. ಸಿಪಿಯು 16 ಇದ್ದರೆ ಆರಾಮ. 2 ಇದ್ದರೆ ಸಾಲಿನಲ್ಲಿ ನಿಂತವರು ಬಹಳ. ಅಪ್‌ಟೈಮ್ ಕೊಡುವ ಸಂಖ್ಯೆಯನ್ನು ಎನ್‌ಪ್ರಾಕ್ ಪಕ್ಕ ಇಟ್ಟೇ ಓದಬೇಕು. ಲಿನಕ್ಸ್‌ನಲ್ಲಿ ಡಿಸ್ಕಿಗಾಗಿ ಕಾಯುವವರೂ ಈ ಲೆಕ್ಕಕ್ಕೆ ಸೇರುತ್ತಾರೆ, ಅದೂ ಗೊತ್ತಿರಲಿ.

ನನ್ನದು 32 ಬಿಟ್ಟೋ 64 ಬಿಟ್ಟೋ?

ಇದರಲ್ಲಿ ಮೂರು ಪ್ರಶ್ನೆ ಅಡಗಿವೆ. ಚಿಪ್ ಎಷ್ಟು ಬಿಟ್? ಕರ್ನಲ್ ಎಷ್ಟು ಬಿಟ್? ಅದರ ಮೇಲೆ ಓಡುವ ಪ್ರೋಗ್ರಾಮ್‌ಗಳು ಎಷ್ಟು ಬಿಟ್?

ಯುನೇಮ್ ಡ್ಯಾಶ್ ಎಂ ಹೇಳುವುದು ಕರ್ನಲ್ ಬಗ್ಗೆ. ಎಕ್ಸ್86_64 ಎಂದು ಬಂದರೆ ಇಂಟೆಲ್ ಅಥವಾ ಎಎಂಡಿ ಮೇಲೆ 64 ಬಿಟ್ ಕರ್ನಲ್. ಐ686 ಎಂದರೆ 32 ಬಿಟ್ ಕರ್ನಲ್. ಆದರೆ ಚಿಪ್ 64 ಬಿಟ್ಟೇ ಇರಬಹುದು! ಹಳೆಯ ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಇದು ತುಂಬ ಸಲ ಸಿಗುತ್ತದೆ. ಯಾರೋ 32 ಬಿಟ್ ಲಿನಕ್ಸ್ ಹಾಕಿಟ್ಟಿರುತ್ತಾರೆ, ಯಂತ್ರವೇ ಹಳೆಯದು ಎಂದು ಮೂಲೆಗೆ ಸೇರಿರುತ್ತದೆ. ಎಲ್‌ಎಸ್‌ಸಿಪಿಯುನಲ್ಲಿ ಆಪ್-ಮೋಡ್ ಸಾಲು ನೋಡಿ. 32-ಬಿಟ್, 64-ಬಿಟ್ ಎರಡೂ ಇದ್ದರೆ ಆ ಯಂತ್ರಕ್ಕೆ ಇನ್ನೂ ಆಯುಸ್ಸಿದೆ.

ಪ್ರೋಗ್ರಾಮ್‌ಗಳ ಕಡೆಯ ಉತ್ತರಕ್ಕೆ ಗೆಟ್‌ಕಾನ್ಫ್ ಲಾಂಗ್_ಬಿಟ್, ಕೊನೆಯ ಪದ ದೊಡ್ಡ ಅಕ್ಷರದಲ್ಲಿ. ರಾಸ್ಪ್‌ಬೆರಿ ಪೈನಲ್ಲಿ ಕರ್ನಲ್ 64, ಗೆಟ್‌ಕಾನ್ಫ್ ಮಾತ್ರ 32 ಎನ್ನುವುದುಂಟು. 32 ಬಿಟ್ ಓಎಸ್ ಹಾಕಿದರೂ ಕರ್ನಲ್ 64 ಬಿಟ್ಟಿನದೇ ಬರುವುದರಿಂದ ಹಾಗೆ. ಡೌನ್‌ಲೋಡ್ ಮಾಡಿದ ಪ್ರೋಗ್ರಾಮ್ ಓಡದಿದ್ದರೆ ಮೊದಲು ಇದನ್ನು ನೋಡಿ.

ಫ್ಲ್ಯಾಗ್ಸ್ ಸಾಲು ಒಂದು ಪುಟದಷ್ಟಿದೆ. ಇದರಲ್ಲಿ ನನಗೆ ಏನು ಬೇಕು?

ಎಲ್ಲವನ್ನೂ ಓದುವ ಅಗತ್ಯವಿಲ್ಲ, ಬೇಕಾದ್ದನ್ನು ಹುಡುಕಿ. ವರ್ಚುವಲ್ ಮಷಿನ್ (ಯಂತ್ರದೊಳಗೆ ಸಾಫ್ಟ್‌ವೇರಿನಿಂದ ಮಾಡಿದ ಇನ್ನೊಂದು ಯಂತ್ರ) ಓಡಿಸಬೇಕಾದರೆ ಇಂಟೆಲ್‌ನಲ್ಲಿ ವಿಎಂಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ. ಡಿಸ್ಕ್ ಎನ್‌ಕ್ರಿಪ್ಷನ್ ಚುರುಕಾಗಬೇಕಾದರೆ ಎಇಎಸ್. ವಿಡಿಯೋ ಮತ್ತು ಎಐ ಪ್ರೋಗ್ರಾಮ್‌ಗಳು ಕೇಳುವುದು ಎವಿಎಕ್ಸ್2. 64 ಬಿಟ್ಟಿಗೆ ಎಲ್‌ಎಂ. ಹೈಪರ್‌ವೈಸರ್ (ವರ್ಚುವಲ್ ಮಷಿನ್‌ಗಳನ್ನು ಓಡಿಸುವ ಸಾಫ್ಟ್‌ವೇರ್) ಎಂಬ ಫ್ಲ್ಯಾಗ್ ಕಂಡರೆ ನೀವೇ ಒಂದು ವರ್ಚುವಲ್ ಮಷಿನ್ ಒಳಗಿದ್ದೀರಿ.

ಹುಡುಕುವಾಗ ಗ್ರೆಪ್‌ಗೆ ಡ್ಯಾಶ್ ಡಬ್ಲ್ಯೂ ಕೊಡುವುದನ್ನು ಮರೆಯಬೇಡಿ. ಇಡೀ ಪದ ಹೊಂದಿದರೆ ಮಾತ್ರ ಹಿಡಿ ಎಂದು ಅದರ ಅರ್ಥ. ಇಲ್ಲದಿದ್ದರೆ ಎಲ್‌ಎಂ ಹುಡುಕಿದಾಗ ಎಲ್‌ಎಎಚ್‌ಎಫ್_ಎಲ್‌ಎಂ ಎಂಬ ಬೇರೆಯದೇ ಫ್ಲ್ಯಾಗ್ ಸಿಕ್ಕಿಬೀಳುತ್ತದೆ.

ವಿಎಂಎಕ್ಸ್ ಕಾಣದಿದ್ದರೆ ಚಿಪ್ ಬದಲಿಸಲು ಹೊರಡಬೇಡಿ. ಬಯಾಸ್‌ನಲ್ಲಿ ಆಫ್ ಆಗಿರಬಹುದು. ಅಲ್ಲಿ ಹೋಗಿ ವರ್ಚುವಲೈಸೇಷನ್ ಆನ್ ಮಾಡಿ ಮತ್ತೆ ನೋಡಿ.

ಹೊಸ ಲಿನಕ್ಸ್ ಹಾಕಲು ಹೋದರೆ ಪ್ರೊಸೆಸರ್ ಹಳೆಯದು ಎನ್ನುತ್ತಿದೆ. ಏಕೆ?

2020ರಲ್ಲಿ ಎಕ್ಸ್86-64 ಚಿಪ್‌ಗಳನ್ನು ಮಟ್ಟಗಳಾಗಿ ವಿಂಗಡಿಸಿದರು: ವಿ1, ವಿ2, ವಿ3, ವಿ4. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ಕ್ಕೆ ವಿ2 ಬೇಕೇ ಬೇಕು, 10ಕ್ಕೆ ವಿ3. ವಿ3 ಎಂದರೆ ಎವಿಎಕ್ಸ್2 ಮುಂತಾದವು ಇರಬೇಕು. ಇಂಟೆಲ್‌ನಲ್ಲಿ ಅವು 2013ರ ಹ್ಯಾಸ್ವೆಲ್ ಪೀಳಿಗೆಯಿಂದ ಬಂದವು. ನಿಮ್ಮ ಮಟ್ಟ ತಿಳಿಯಲು ಜಿಲಿಬ್‌ಸಿ (ಲಿನಕ್ಸ್ ಪ್ರೋಗ್ರಾಮ್‌ಗಳು ಬಳಸುವ ಮೂಲ ಲೈಬ್ರರಿ) 2.33 ಅಥವಾ ಅದಕ್ಕಿಂತ ಹೊಸದಿರುವ ಲಿನಕ್ಸ್‌ನಲ್ಲಿ /ಲಿಬ್64 ಫೋಲ್ಡರಿನ ಎಲ್‌ಡಿ-ಲಿನಕ್ಸ್ ಎಂದು ಶುರುವಾಗುವ ಫೈಲನ್ನೇ ಕಮಾಂಡಿನಂತೆ ಓಡಿಸಿ, ಮುಂದೆ ಎರಡು ಡ್ಯಾಶ್ ಹೆಲ್ಪ್ ಕೊಡಿ. ಕೊನೆಯಲ್ಲಿ ಯಾವ ಮಟ್ಟಗಳಿಗೆ ಬೆಂಬಲ ಇದೆ ಎಂಬ ಪಟ್ಟಿ ಬರುತ್ತದೆ. ಹಳೆಯ ಯಂತ್ರ ಎಸೆಯುವ ಅಗತ್ಯವಂತೂ ಇಲ್ಲ. ಡೆಬಿಯನ್ ಇನ್ನೂ ವಿ1 ಚಿಪ್ ಮೇಲೂ ಓಡುತ್ತದೆ.

ಗಿಗಾಹರ್ಟ್ಸ್ ಪ್ರತಿ ಸಲ ಬೇರೆ ಬರುತ್ತದೆ. ಯಂತ್ರ ಕೆಟ್ಟಿದೆಯೇ?

ಇಲ್ಲ, ಸರಿಯಾಗಿಯೇ ಇದೆ. ಕೆಲಸ ಇಲ್ಲದಾಗ ಪ್ರೊಸೆಸರ್ ವೇಗ ಇಳಿಸಿ ಕರೆಂಟ್ ಉಳಿಸುತ್ತದೆ, ಕೆಲಸ ಬಂದಾಗ ಏರಿಸುತ್ತದೆ. ಇಂಟೆಲ್ ಚಿಪ್‌ಗಳ ಮಾಡೆಲ್ ನೇಮ್ ಕೊನೆಯಲ್ಲಿ ಕಾಣುವ 2.40 ಗಿಗಾಹರ್ಟ್ಸ್‌ನಂಥ ಸಂಖ್ಯೆ ಮೂಲ ವೇಗ, ಅದು ಬದಲಾಗದು. ಈ ಕ್ಷಣದ ವೇಗ ಸಿಪಿಯುಇನ್ಫೋ ಫೈಲಿನ ಸಿಪಿಯು ಎಂಎಚ್‌ಝಡ್ ಸಾಲಿನಲ್ಲಿದೆ. ವಾಚ್ ಕಮಾಂಡಿನ ಜೊತೆ ಗ್ರೆಪ್ ಇಟ್ಟು ನೋಡುತ್ತಾ ಕೂತರೆ ಏರಿಳಿತ ಕಣ್ಣಿಗೆ ಕಾಣುತ್ತದೆ.

ವೇಗ ಏರಲೇಬೇಕಾದಾಗಲೂ ಏರದಿದ್ದರೆ ಗವರ್ನರ್ (ವೇಗ ಏರಿಸುವ, ಇಳಿಸುವ ನೀತಿ) ನೋಡಿ: /ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ಸಿಪಿಯು0/ಸಿಪಿಯುಫ್ರೆಕ್ ಫೋಲ್ಡರಿನಲ್ಲಿ ಸ್ಕೇಲಿಂಗ್_ಗವರ್ನರ್. ಪಕ್ಕದಲ್ಲೇ ಇರುವ ವೇಗದ ಫೈಲ್‌ಗಳು ಕಿಲೋಹರ್ಟ್ಸ್‌ನಲ್ಲಿವೆ. 2400000 ಕಂಡರೆ ಅದು 2.4 ಗಿಗಾಹರ್ಟ್ಸ್.

ಬೋಗೋಮಿಪ್ಸ್ ಜಾಸ್ತಿ ಇದ್ದರೆ ಪ್ರೊಸೆಸರ್ ಚುರುಕು ಅಂತಾನಾ?

ಅಲ್ಲ. ಬೂಟ್ ಆಗುವಾಗ ಕಾಯುವ ಲೂಪನ್ನು ಹದ ಮಾಡಿಕೊಳ್ಳಲು ಕರ್ನಲ್ ಬಳಸುವ ಅಳತೆ ಅದು. ಎರಡು ಚಿಪ್ ಹೋಲಿಸಲು ಬಳಸಬೇಡಿ.

ಪ್ರೊಸೆಸರ್ ಎಷ್ಟು ಬಿಸಿಯಾಗಿದೆ?

ಎಲ್‌ಎಂ-ಸೆನ್ಸರ್ಸ್ ಪ್ಯಾಕೇಜ್ ಹಾಕಿಕೊಂಡು ಸೆನ್ಸರ್ಸ್ ಎಂದು ಹೊಡೆಯಿರಿ. ಪ್ಯಾಕೇಜ್ ಇಲ್ಲದಿದ್ದರೆ /ಸಿಸ್/ಕ್ಲಾಸ್/ಥರ್ಮಲ್ ಒಳಗಿನ ಥರ್ಮಲ್_ಝೋನ್0 ಫೋಲ್ಡರಿನಲ್ಲಿ ಟೆಂಪ್ ಫೈಲ್. 54000 ಎಂದರೆ 54 ಡಿಗ್ರಿ. ಆದರೆ ಎಲ್ಲ ಯಂತ್ರದಲ್ಲೂ ಝೋನ್0 ಪ್ರೊಸೆಸರಿನದೇ ಆಗಿರುವುದಿಲ್ಲ. ಪಕ್ಕದ ಟೈಪ್ ಫೈಲ್ ನೋಡಿ ಖಚಿತ ಮಾಡಿಕೊಳ್ಳಿ.

ಡಿಎಂಐಡೀಕೋಡ್ ಬಳಸಬೇಕು ಎನ್ನುತ್ತಾರಲ್ಲ?

ಸುಡೋ ಡಿಎಂಐಡೀಕೋಡ್ ಡ್ಯಾಶ್ ಟಿ ಪ್ರೊಸೆಸರ್. ಇದು ಚಿಪ್ಪನ್ನು ಕೇಳುವುದಿಲ್ಲ. ಬಯಾಸ್ ತುಂಬಿಟ್ಟ ಒಂದು ಪಟ್ಟಿಯನ್ನು ಓದುತ್ತದೆ. ಬೋರ್ಡ್ ತಯಾರಿಸಿದವರು ಸರಿಯಾಗಿ ತುಂಬಿದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಈ ಪಟ್ಟಿ ಎಷ್ಟೋ ಸಲ ತಪ್ಪಿರುತ್ತದೆ ಎಂದು ಅದರ ಮ್ಯಾನ್ ಪುಟವೇ ಎಚ್ಚರಿಸುತ್ತದೆ. ಮ್ಯಾಕ್ಸ್ ಸ್ಪೀಡ್ ಸಾಲನ್ನು ನಂಬಲೇಬೇಡಿ. ಆದರೂ ಒಂದು ಕೆಲಸಕ್ಕೆ ಇದೇ ಬೇಕು: ಸರ್ವರಿನಲ್ಲಿ ಖಾಲಿ ಸಾಕೆಟ್ ಇದೆಯೇ ಎಂದು ತಿಳಿಯಲು. ಖಾಲಿ ಜಾಗದ ಬಗ್ಗೆ ಚಿಪ್ ಏನು ಹೇಳೀತು?

ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ 12 ಕೋರ್, 16 ಥ್ರೆಡ್. ಲೆಕ್ಕ ಕೂಡುತ್ತಿಲ್ಲ.

ಕೂಡುತ್ತದೆ. ಇಂಟೆಲ್ 2021ರ ಕೊನೆಗೆ ತಂದ 12ನೇ ಪೀಳಿಗೆಯಿಂದ ಎರಡು ಬಗೆಯ ಕೋರ್ ಇವೆ. ಐ5-1240ಪಿ ತೆಗೆದುಕೊಳ್ಳಿ. 4 ದೊಡ್ಡ ಕೋರ್, ಒಂದೊಂದಕ್ಕೆ ಎರಡು ಥ್ರೆಡ್, ಅಲ್ಲಿಗೆ 8. ಜೊತೆಗೆ 8 ಚಿಕ್ಕ ಕೋರ್, ಒಂದೊಂದಕ್ಕೆ ಒಂದೇ ಥ್ರೆಡ್. ಒಟ್ಟು 16.

ಯಾವ ಸಂಖ್ಯೆಯ ಸಿಪಿಯು ಯಾವ ಬಗೆ ಎಂದು ನೋಡಲು ಎಲ್‌ಎಸ್‌ಸಿಪಿಯು ಡ್ಯಾಶ್ ಇ ಕೊಡಿ. ಸಾಲುಸಾಲಾಗಿ ಕೋಷ್ಟಕ ಬರುತ್ತದೆ. ಒಂದೇ ಕೋರ್ ಸಂಖ್ಯೆ ಎರಡು ಸಾಲಿನಲ್ಲಿ ಕಂಡರೆ ದೊಡ್ಡ ಕೋರ್. ಗರಿಷ್ಠ ವೇಗದ ಕಾಲಮ್ಮಿನಲ್ಲೂ ವ್ಯತ್ಯಾಸ ಎದ್ದು ಕಾಣುತ್ತದೆ. ನೇರ ಉತ್ತರ ಬೇಕಾದರೆ /ಸಿಸ್/ಡಿವೈಸಸ್ ಒಳಗೆ ಸಿಪಿಯು_ಕೋರ್ ಮತ್ತು ಸಿಪಿಯು_ಆಟಮ್ ಎಂಬ ಎರಡು ಫೋಲ್ಡರ್ ಇವೆ. ಎರಡರಲ್ಲೂ ಸಿಪಿಯುಸ್ ಫೈಲ್ ಓದಿ.

ರಾಸ್ಪ್‌ಬೆರಿ ಪೈನಲ್ಲಿ ಮಾಡೆಲ್ ನೇಮ್ ಸಾಲೇ ಕಾಣುತ್ತಿಲ್ಲ!

ಆರ್ಮ್ ಚಿಪ್‌ಗಳು ಇಂಟೆಲ್ ಹಾಗೆ ಹೆಸರು ಹೇಳಿಕೊಳ್ಳುವುದಿಲ್ಲ, ಸಂಖ್ಯೆ ಮಾತ್ರ ಕೊಡುತ್ತವೆ. ಸಿಪಿಯು ಇಂಪ್ಲಿಮೆಂಟರ್ 0ಎಕ್ಸ್41 ಅಂದರೆ ವಿನ್ಯಾಸ ಆರ್ಮ್ ಕಂಪನಿಯದು. ಸಿಪಿಯು ಪಾರ್ಟ್ 0ಎಕ್ಸ್‌ಡಿ08 ಅಂದರೆ ಕಾರ್ಟೆಕ್ಸ್-ಎ72, ಪೈ 4ರಲ್ಲಿ ಇರುವುದು. 0ಎಕ್ಸ್‌ಡಿ0ಬಿ ಅಂದರೆ ಕಾರ್ಟೆಕ್ಸ್-ಎ76, ಪೈ 5ರದು. ಎಲ್‌ಎಸ್‌ಸಿಪಿಯು ಬಳಿ ಈ ಸಂಖ್ಯೆಗಳ ಪಟ್ಟಿ ಇದೆ. ಅದು ಹೆಸರಿಗೆ ಬದಲಾಯಿಸಿ ತೋರಿಸುತ್ತದೆ. ಫ್ಲ್ಯಾಗ್ಸ್ ಬದಲು ಇಲ್ಲಿ ಫೀಚರ್ಸ್ ಸಾಲು ಇರುತ್ತದೆ.

ಹಾರ್ಡ್‌ವೇರ್ ಸಾಲಿನಲ್ಲಿ ಬಿಸಿಎಂ2835 ಎಂದು ಕಂಡರೆ ನಂಬಬೇಡಿ. ಪೈ 4ರ ಚಿಪ್ ಬಿಸಿಎಂ2711, ಆದರೂ ಅಲ್ಲಿ 2835 ಎಂದೇ ಬರುತ್ತದೆ. ಬೋರ್ಡ್ ಯಾವುದು ಎಂದು ತಿಳಿಯಲು /ಪ್ರಾಕ್/ಡಿವೈಸ್-ಟ್ರೀ/ಮಾಡೆಲ್ ಫೈಲ್ ಓದಿ.

ಮ್ಯಾಕ್‌ನಲ್ಲಿ ಹೇಗೆ?

ಮ್ಯಾಕ್‌ನಲ್ಲಿ ಪ್ರಾಕ್ ಫೋಲ್ಡರ್ ಇಲ್ಲ, ಎಲ್‌ಎಸ್‌ಸಿಪಿಯು ಕೂಡ ಇಲ್ಲ. ಅಲ್ಲಿ ಸಿಸ್‌ಸಿಟಿಎಲ್ (ಎಸ್, ವೈ, ಎಸ್, ಸಿ, ಟಿ, ಎಲ್) ಇದೆ. ಸಿಸ್‌ಸಿಟಿಎಲ್ ಡ್ಯಾಶ್ ಎನ್ ಮಶ್‌ಡೆಪ್.ಸಿಪಿಯು.ಬ್ರ್ಯಾಂಡ್_ಸ್ಟ್ರಿಂಗ್ ಹೆಸರು ಕೊಡುತ್ತದೆ; ಮಶ್‌ಡೆಪ್ ಅಂದರೆ ಎಂ, ಎ, ಸಿ, ಎಚ್, ಡಿ, ಇ, ಪಿ. ಎಚ್‌ಡಬ್ಲ್ಯೂ.ಫಿಸಿಕಲ್‌ಸಿಪಿಯು ಕೋರ್ ಲೆಕ್ಕ, ಎಚ್‌ಡಬ್ಲ್ಯೂ.ಲಾಜಿಕಲ್‌ಸಿಪಿಯು ಥ್ರೆಡ್ ಲೆಕ್ಕ. ಆ್ಯಪಲ್ ಎಂ ಸರಣಿಯಲ್ಲಿ ಎರಡೂ ಒಂದೇ, ಅಲ್ಲಿ ಹೈಪರ್‌ಥ್ರೆಡಿಂಗ್ ಇಲ್ಲ. 2020ರ ಎಂ1ನಲ್ಲಿ 4 ಚುರುಕು ಕೋರ್, 4 ಮಿತವ್ಯಯದ ಕೋರ್. ಅವನ್ನು ಬೇರೆ ಮಾಡಿ ನೋಡಲು ಎಚ್‌ಡಬ್ಲ್ಯೂ.ಪರ್ಫ್‌ಲೆವೆಲ್0.ಫಿಸಿಕಲ್‌ಸಿಪಿಯು ಮತ್ತು ಪರ್ಫ್‌ಲೆವೆಲ್1. ಚುರುಕಿನವು 0ರಲ್ಲಿ.

ಒಂದು ವಿಚಿತ್ರ ಇದೆ. ಎಂ1 ಮ್ಯಾಕ್‌ನಲ್ಲೂ ಯುನೇಮ್ ಡ್ಯಾಶ್ ಎಂ ಕೆಲವೊಮ್ಮೆ ಎಕ್ಸ್86_64 ಎನ್ನುತ್ತದೆ. ನಿಮ್ಮ ಟರ್ಮಿನಲ್ ರೊಸೆಟ್ಟಾ (ಇಂಟೆಲ್ ಪ್ರೋಗ್ರಾಮ್‌ಗಳನ್ನು ಎಂ ಸರಣಿಯ ಮೇಲೆ ಓಡಿಸುವ ಆ್ಯಪಲ್ ಸಾಫ್ಟ್‌ವೇರ್) ಅನುವಾದದ ಕೆಳಗೆ ಓಡುತ್ತಿದೆ ಎಂದರ್ಥ. ಸಿಸ್‌ಸಿಟಿಎಲ್.ಪ್ರಾಕ್_ಟ್ರಾನ್ಸ್‌ಲೇಟೆಡ್ ಕೇಳಿ ನೋಡಿ, 1 ಬಂದರೆ ಅದೇ ಕಾರಣ.

ಬಿಎಸ್‌ಡಿಗಳಲ್ಲಿ?

ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಎರಡರಲ್ಲೂ ಸಿಸ್‌ಸಿಟಿಎಲ್ ಎಚ್‌ಡಬ್ಲ್ಯೂ.ಮಾಡೆಲ್ ಮತ್ತು ಎಚ್‌ಡಬ್ಲ್ಯೂ.ಎನ್‌ಸಿಪಿಯು ಸಿಗುತ್ತವೆ. ಫ್ರೀಬಿಎಸ್‌ಡಿಯಲ್ಲಿ ಫೀಚರ್ ಪಟ್ಟಿ ಬೇಕಾದರೆ /ವಾರ್/ರನ್/ಡಿಮೆಸೇಜ್.ಬೂಟ್ ಫೈಲಿನಲ್ಲಿದೆ; ಡಿ, ಎಂ, ಇ, ಎಸ್, ಜಿ ಎಂದು ಹೊಡೆಯಬೇಕು. ಓಪನ್‌ಬಿಎಸ್‌ಡಿಯಲ್ಲಿ ಅರ್ಧ ಸಿಪಿಯು ಕಾಣೆಯಾದಂತೆ ಕಂಡರೆ ಗಾಬರಿ ಬೇಡ. ಸುರಕ್ಷತೆಯ ಕಾರಣಕ್ಕೆ 2018ರಿಂದ ಹೈಪರ್‌ಥ್ರೆಡಿಂಗನ್ನು ಅವರು ಮೊದಲಿಗೇ ಆಫ್ ಇಡುತ್ತಾರೆ. ಎಚ್‌ಡಬ್ಲ್ಯೂ.ಎಸ್‌ಎಂಟಿ ಎಂಬುದು ಅದರ ಸ್ವಿಚ್. ನೆಟ್‌ಬಿಎಸ್‌ಡಿಯಲ್ಲಿ ಸಿಪಿಯುಸಿಟಿಎಲ್ ಐಡೆಂಟಿಫೈ 0.

ಬ್ಯಾಂಕಿನ ಸರ್ವರ್, ಸೊಲಾರಿಸ್ ಅಥವಾ ಎಐಎಕ್ಸ್?

ಸೊಲಾರಿಸ್‌ನಲ್ಲಿ ಪಿಎಸ್‌ಆರ್‌ಇನ್ಫೋ ಡ್ಯಾಶ್ ಪಿವಿ. ಎಐಎಕ್ಸ್‌ನಲ್ಲಿ ಪಿಆರ್‌ಟಿಕಾನ್ಫ್, ಎಲ್‌ಪಾರ್ (ಸರ್ವರನ್ನು ಪಾಲು ಮಾಡಿ ಕೊಟ್ಟ ಒಂದು ಭಾಗ) ಮಿತಿ ತಿಳಿಯಲು ಎಲ್‌ಪಾರ್‌ಸ್ಟಾಟ್ ಡ್ಯಾಶ್ ಐ.

ಸ್ಪೆಕ್ಟರ್, ಮೆಲ್ಟ್‌ಡೌನ್ ನನ್ನ ಚಿಪ್ಪಿಗೆ ತಟ್ಟುತ್ತವೆಯೇ?

ಪ್ರೊಸೆಸರಿನ ಈ ಎರಡು ಸುರಕ್ಷತಾ ದೋಷ ಹೊರಬಿದ್ದದ್ದು 2018ರ ಜನವರಿಯಲ್ಲಿ. ಆಮೇಲೆ ಇನ್ನೂ ಹಲವು ಬಂದವು. ಎಲ್‌ಎಸ್‌ಸಿಪಿಯು ಕೊನೆಯಲ್ಲಿ ವಲ್ನರಬಿಲಿಟಿ ಸಾಲುಗಳಿವೆ. ನಾಟ್ ಅಫೆಕ್ಟೆಡ್ ಎಂದರೆ ಸಮಸ್ಯೆ ಇಲ್ಲ. ಮಿಟಿಗೇಷನ್ ಎಂದರೆ ದೋಷ ಇದೆ, ಕರ್ನಲ್ ತಡೆ ಹಾಕಿದೆ. ಬರೀ ವಲ್ನರಬಲ್ ಎಂದಿದ್ದರೆ ಕರ್ನಲ್ ಮತ್ತು ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಸೂಚನೆಗಳು) ಎರಡನ್ನೂ ಅಪ್‌ಡೇಟ್ ಮಾಡಿ, ಮತ್ತೆ ಬೂಟ್ ಮಾಡಿ ನೋಡಿ.

ಕ್ಲೌಡ್‌ನಲ್ಲಿ 4 ವಿಸಿಪಿಯು ಕೊಂಡಿದ್ದೇನೆ. 4 ಕೋರ್ ತಾನೇ?

ಇಂಟೆಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಅಲ್ಲ. ಒಂದು ವಿಸಿಪಿಯು ಅಂದರೆ ಒಂದು ಥ್ರೆಡ್, 4 ಅಂದರೆ 2 ಕೋರ್. ಅಮೆಜಾನಿನ ಗ್ರ್ಯಾವಿಟಾನ್‌ನಂಥ ಆರ್ಮ್ ಯಂತ್ರದಲ್ಲಿ ಒಂದು ವಿಸಿಪಿಯು ಒಂದು ಪೂರ್ತಿ ಕೋರ್. ಎಲ್‌ಎಸ್‌ಸಿಪಿಯುನಲ್ಲಿ ಪ್ರತಿ ಕೋರಿಗೆ ಥ್ರೆಡ್ ಎಷ್ಟು ಎಂದು ನೋಡಿ. ಆದರೆ ವರ್ಚುವಲ್ ಮಷಿನ್ ಒಳಗೆ ಹೈಪರ್‌ವೈಸರ್ ತೋರಿಸಿದ್ದಷ್ಟೇ ಕಾಣುತ್ತದೆ, ಅದಕ್ಕೇ ಬೆಲೆಪಟ್ಟಿಯ ವಿವರವನ್ನೂ ಓದಿ. ನಿಮ್ಮ ಪಾಲಿನ ಹೊತ್ತನ್ನು ಅಕ್ಕಪಕ್ಕದವರು ಬಳಸುತ್ತಿದ್ದಾರೆಯೇ ಎಂದು ತಿಳಿಯಲು ಟಾಪ್ ಓಡಿಸಿ ಎಸ್‌ಟಿ ಸಂಖ್ಯೆ ನೋಡಿ.

ಬಳಸಿದ ಲ್ಯಾಪ್‌ಟಾಪ್ ಕೊಳ್ಳಲು ಹೊರಟಿದ್ದೇನೆ. ಅಂಗಡಿಯಲ್ಲೇ ಏನು ನೋಡಲಿ?

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಅಥವಾ ನಿಮ್ಮೂರಿನ ಅಂಗಡಿಗೆ ಹೋಗಿ, ಜೇಬಿನಲ್ಲಿ ಲಿನಕ್ಸ್ ಲೈವ್ ಪೆನ್‌ಡ್ರೈವ್ ಇರಲಿ. ಡಿಸ್ಕ್ ಮುಟ್ಟದೆ ಪೆನ್‌ಡ್ರೈವಿನಿಂದಲೇ ಬೂಟ್ ಮಾಡುತ್ತೇನೆ ಎಂದು ಅಂಗಡಿಯವರಿಗೆ ಮೊದಲೇ ಹೇಳಿ. ಎಲ್‌ಎಸ್‌ಸಿಪಿಯು ಓಡಿಸಿ ಮಾಡೆಲ್ ನೇಮ್ ಓದಿ. ಮೇಲಿನ ಸ್ಟಿಕರ್ ನೋಡಿ ನಿರ್ಧರಿಸಬೇಡಿ. ಐ7 ಎಂದಷ್ಟೇ ಬರೆದಿದ್ದರೆ ಅದು ಯಾವ ಪೀಳಿಗೆಯದೂ ಆಗಿರಬಹುದು. ಹಳೆಯ ಐ7-4600ಯುನಲ್ಲಿ ಇರುವುದು 2 ಕೋರ್. ನಾಲ್ಕು ಪೀಳಿಗೆ ಆಮೇಲಿನ ಐ5-8250ಯುನಲ್ಲಿ 4 ಕೋರ್. ಇಂಥ ಕಡೆ ಐ5 ಕೊಳ್ಳುವುದೇ ಲಾಭ.

ಆಮೇಲೆ ಐದು ನಿಮಿಷ ಭಾರ ಹಾಕಿ. ಯೆಸ್ ಕಮಾಂಡಿನ ಔಟ್‌ಪುಟ್ಟನ್ನು /ಡೆವ್/ನಲ್‌ಗೆ ಕಳಿಸಿ, ಸಾಲಿನ ಕೊನೆಗೆ ಆ್ಯಂಪರ್‌ಸೆಂಡ್ ಹಾಕಿ. ಸಿಪಿಯು ಎಷ್ಟಿವೆಯೋ ಅಷ್ಟು ಸಲ ಇದನ್ನೇ ಓಡಿಸಿ. ಸಿಪಿಯು ಎಂಎಚ್‌ಝಡ್ ನೋಡುತ್ತಾ ಇರಿ. ಮೊದಲು ಏರಿ, ಆಮೇಲೆ ಸ್ವಲ್ಪ ಇಳಿದು ನಿಲ್ಲುವುದು ಸಹಜ. ಮೂಲ ವೇಗಕ್ಕಿಂತ ಬಹಳ ಕೆಳಗೆ ಬಿದ್ದು ಅಲ್ಲೇ ಉಳಿದರೆ ಫ್ಯಾನ್ ತುಂಬ ಧೂಳು ಇರಬಹುದು, ಚಿಪ್ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದನ್ನು ಸರಿ ಮಾಡಿಸಿಕೊಂಡೇ ಹಣ ಕೊಡಿ. ಮುಗಿದ ಮೇಲೆ ಕಿಲ್‌ಆಲ್ ಯೆಸ್.

ಸಹಾಯ ಕೇಳುವಾಗ ಏನೇನು ಅಂಟಿಸಲಿ?

ಯುನೇಮ್ ಡ್ಯಾಶ್ ಎ ಕೊಟ್ಟ ಸಾಲು, ಎಲ್‌ಎಸ್‌ಸಿಪಿಯು ಕೊಟ್ಟಿದ್ದು ಪೂರ್ತಿ, ಎನ್‌ಪ್ರಾಕ್ ಸಂಖ್ಯೆ. ಕಂಟೇನರ್ ಆದರೆ ಸಿಪಿಯು.ಮ್ಯಾಕ್ಸ್ ಕೂಡ. ಫೋಟೋ ತೆಗೆದು ಕಳಿಸಬೇಡಿ, ಪಠ್ಯವಾಗಿಯೇ ಕಾಪಿ ಮಾಡಿ. ನೋಡುವವರು ಅದರಲ್ಲಿ ಹುಡುಕಬೇಕಾಗುತ್ತದೆ. ಯುನೇಮ್ ಸಾಲಿನ ಎರಡನೇ ಪದ ನಿಮ್ಮ ಯಂತ್ರದ ಹೆಸರು. ಆಫೀಸಿನದಾದರೆ ಅದನ್ನು ಅಳಿಸಿ. ರಾಸ್ಪ್‌ಬೆರಿ ಪೈನ ಸಿಪಿಯುಇನ್ಫೋ ಕೊನೆಯಲ್ಲಿ ಸೀರಿಯಲ್ ಎಂಬ ಸಾಲು ಇದೆ, ಅದು ನಿಮ್ಮ ಬೋರ್ಡಿಗೇ ಸೇರಿದ ಸಂಖ್ಯೆ. ಅಂಟಿಸುವ ಮೊದಲು ಆ ಸಾಲನ್ನೂ ತೆಗೆಯಿರಿ.